ನನ್ನದೇ ಮಾಡೆಲ್ ಎದುರಿಗೆ ಬಂತು

ಇವತ್ತು ಸಿಂದಗಿ ರಸ್ತೆಯಲ್ಲಿ ನನ್ನದೇ ಮಾಡೆಲ್ಲಿನ ಹಳೇ ಟೂ-ಸ್ಟ್ರೋಕ್ ಗಾಡಿ ಎದುರಿಗೆ ಬಂತು, ಗೆಳೆಯರೇ. ನಿಮ್ಮ ಹೊಸ ಗಾಡಿಗಳು ತಿರುವಿಗೊಂದು ಸಿಗುತ್ತವೆ. ನನ್ನಂಥದ್ದನ್ನು ನಾನು ರಸ್ತೆಯಲ್ಲಿ ಕಂಡು ವರ್ಷಗಳೇ ಆಗಿದ್ದವು. ಖುಷಿಯಿಂದ ಕೈ ಎತ್ತಿದೆ. ಆ ಗಾಡಿಯವರೂ ನಿಲ್ಲಿಸಿದರು, ಕನ್ನೊಳ್ಳಿಯ ಬಿಳಿ ಮೀಸೆಯ ರೈತರು. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನನ್ನ ಗಾಡಿಗೆ ಒಂದು ಸುತ್ತು ಹಾಕಿ, ಪೆಟ್ರೋಲ್ ಟಾಕಿ ಸವರಿ, "ಭಾಳ ಚಲೋ ಇಟ್ಟೀರಿ" ಎಂದರು. ನಾನು ಉಬ್ಬಿಹೋದೆ.

"ಯಾವಾಗರೆ ಮಾರೂದಿದ್ರ ನನಗ ಹೇಳ್ರಿ. ನನ್ನ ಗಾಡಿಗೆ ಸ್ಪೇರ್ ಪಾರ್ಟ್ ಎಲ್ಲೂ ಸಿಗವಲ್ವು."

"ಇದನ್ನ ಮಾರಂಗಿಲ್ರಿ" ಎಂದೆ, ಸ್ವಲ್ಪ ಖಾರವಾಗಿಯೇ.

ಆದರೂ ಹೊರಡುವ ಮುಂಚೆ ಅವರ ಫೋನ್ ನಂಬರ್ ತೆಗೆದುಕೊಂಡೆ. ಅವರ ಗಾಡಿಯಲ್ಲಿ ಇನ್ನೂ ಒರಿಜಿನಲ್ ಕಾರ್ಬ್ಯುರೇಟರ್ ಇದೆ, ನನ್ನದರಲ್ಲಿಲ್ಲ. ಕಾಯಲು ನನಗೂ ಬರುತ್ತದೆ.