ಟೈಲರಮ್ಮನ ನಾಲಿಗೆ ಮತ್ತು ಸಿಂಪಿ ಬುಟ್ಟಿಗಳು

ಬೀದಿಯವರಿಗೆಲ್ಲ ಆಕೆ ಟೈಲರಮ್ಮ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕಿಟಕಿಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು, ನೆಲದ ತುಂಬ ಬಟ್ಟೆ ಚೂರು. ಗಂಡನದು ನೀರಿನ ಕಸುಬು. ನದಿ ಸಮುದ್ರ ಸೇರುವ ಕಡೆ ಕಂಬ ನೆಟ್ಟು, ಬುಟ್ಟಿಗಳನ್ನು ಇಳಿಬಿಟ್ಟು ಸಿಂಪಿ ಎಂಬ ತಿನ್ನುವ ಚಿಪ್ಪುಜೀವಿ ಸಾಕುತ್ತಿದ್ದ. ಮಗಳು ಕೆಲಸಕ್ಕೆ ಸೇರುವಷ್ಟು ದೊಡ್ಡವಳಾದರೂ ಟೈಲರಮ್ಮ ಒಮ್ಮೆಯೂ ದೋಣಿ ಹತ್ತಿದವಳಲ್ಲ. ನೀರೆಂದರೆ ಎದೆ ಡವಡವ.

ಆ ವರ್ಷ ಗಂಡನಿಗೆ ಜ್ವರ ಬಂತು. ಬಿಟ್ಟು ಹೋಗುವಾಗ ಬಾಯಿರುಚಿಯನ್ನೂ ಒಯ್ದಿತು. ಅದೇ ಹೊತ್ತಿಗೆ ಮೇಲಿನ ಬೆಟ್ಟಗಳಲ್ಲಿ ಮಳೆ ಹೊಡೆದು ನದಿಯಲ್ಲಿ ಕೆಂಪು ನೀರು ಇಳಿಯಿತು. ಸಿಂಪಿಗೆ ಬೇಕಾದದ್ದು ಉಪ್ಪು ಬೆರೆತ ನೀರು. ಸುತ್ತಲಿನ ನೀರು ಸಪ್ಪೆಯಾದರೆ ಅದು ಚಿಪ್ಪನ್ನು ಬಿಗಿಯಾಗಿ ಮುಚ್ಚಿ, ಒಳಗೆ ಉಳಿದ ಉಪ್ಪುನೀರಿನಲ್ಲೇ ಕಾಯುತ್ತದೆ. ತಿನ್ನುವುದಿಲ್ಲ, ಉಸಿರಾಟವೂ ಅಷ್ಟಕ್ಕಷ್ಟೇ. ಹಾಗೆಂದು ಎಷ್ಟು ದಿನ ಇದ್ದೀತು? ತೆರೆದರೆ ಸಪ್ಪೆ ನೀರು ನುಗ್ಗಿ ಮೈ ಊದಿಕೊಳ್ಳುತ್ತದೆ.

ಬುಟ್ಟಿಗಳನ್ನು ಉಪ್ಪಿರುವ ಕಡೆಗೆ ಸಾಗಿಸಲೇಬೇಕಿತ್ತು. ಉಪ್ಪು ಅಳೆಯುವ ಮೀಟರೋ, ಗಂಡನ ಕೈ ಜಾರಿ ಆಗಲೇ ನದಿಪಾಲಾಗಿತ್ತು.

"ನನ್ನ ನಾಲಿಗೆಗೆ ಏನೂ ತಿಳೀತಿಲ್ಲ ಕಣೆ. ನೀನೇ ಬರಬೇಕು," ಎಂದ.

"ನಾನಾ? ದೋಣೀಲಾ? ನಿಮ್ಮ ಜ್ವರ ಇನ್ನೂ ಇಳಿದಿಲ್ಲ ಅನ್ಸುತ್ತೆ."

"ಅಡುಗೇಲಿ ಒಂದು ಚಿಟಿಕೆ ಉಪ್ಪು ಹೆಚ್ಚಾದ್ರೂ ಹಿಡಿದುಬಿಡ್ತೀಯಲ್ಲ, ಅಷ್ಟೇ ಕೆಲಸ."

ಬೇರೆ ದಾರಿಯಿರಲಿಲ್ಲ. ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಳಿತಳು. ಸಹಾಯಕ್ಕೆ ಬಂದ ನಾದಿನಿ ಹುಟ್ಟು ಹಿಡಿದು ನಕ್ಕಳು. "ಅತ್ತಿಗೆ, ಕಣ್ಣು ಬಿಡಿ. ಇನ್ನೂ ಹಗ್ಗಾನೇ ಬಿಚ್ಚಿಲ್ಲ!"

ಅಲ್ಲಲ್ಲಿ ದೋಣಿ ನಿಲ್ಲಿಸಿ ಗಂಡ ನೀರು ಎತ್ತಿ ಕೊಟ್ಟ. ಆಕೆ ಬಾಯಿಗೆ ಹಾಕಿ ಉಗಿದಳು.

"ಸಪ್ಪೆ... ಇಲ್ಲೂ ಸಪ್ಪೆ, ಆಸ್ಪತ್ರೆ ಊಟ ಇದ್ದ ಹಾಗಿದೆ."

ಬಂಡೆಗಳನ್ನು ದಾಟಿದ ಮೇಲೆ ಸ್ವಲ್ಪ ತಡೆದು, "ಇಲ್ಲಿ ಪರವಾಗಿಲ್ಲ ರೀ," ಎಂದಳು. ಇನ್ನೂ ಮುಂದೆ ಹೋದಾಗ ಮುಖ ಕಿವುಚಿದಳು. "ಅಯ್ಯೋ, ಇದು ಬರೀ ಉಪ್ಪು!"

ಸೊರಗಿದ ಸಿಂಪಿಗಳನ್ನು ಒಮ್ಮೆಲೇ ಅಷ್ಟು ಉಪ್ಪಿಗೆ ಹಾಕುವ ಹಾಗಿಲ್ಲ. ಮೈಯೊಳಗಿನ ನೀರನ್ನು ಹೊರಗಿನದಕ್ಕೆ ಹೊಂದಿಸಿಕೊಳ್ಳಲು ಅವಕ್ಕೆ ಸಮಯ ಬೇಕು. ಹಾಗಾಗಿ ಮೂವರೂ ಸೇರಿ ಬುಟ್ಟಿಗಳನ್ನು ಹಳೆಯ ಕಂಬಗಳಿಂದ ಬಿಚ್ಚಿ ತಂದು ಬಂಡೆಗಳ ಪಕ್ಕದ ಹದವಾದ ನೀರಿನಲ್ಲಿ ಇಳಿಬಿಟ್ಟರು.

ಮರುದಿನ ಯಾರೂ ಕರೆಯದೆಯೇ ಟೈಲರಮ್ಮ ದೋಣಿಯಲ್ಲಿ ಕುಳಿತಿದ್ದಳು. ಆಮೇಲಿನ ದಿನಗಳಲ್ಲೂ ಬಂದಳು. ಒಂದು ಬೆಳಿಗ್ಗೆ ಬುಟ್ಟಿಯನ್ನು ಮೇಲೆತ್ತಿದಾಗ ಒಂದು ಸಿಂಪಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಬೆರಳು ತಾಗಿಸಿದ್ದೇ ತಡ, ಪಟ್ಟನೆ ಮುಚ್ಚಿಕೊಂಡಿತು.

"ಬದುಕಿದೆ ರೀ! ನನ್ನ ಮುಖ ನೋಡಿ ಬಾಗಿಲು ಹಾಕ್ಕೊಳ್ತು!"

"ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಭಯ, ಪಾಪ, ಅದಕ್ಕಿರಲ್ವಾ?"

ಒಂದಷ್ಟು ಸತ್ತಿದ್ದವು, ಮುಕ್ಕಾಲು ಪಾಲು ಉಳಿದವು. ಕೆಲವೇ ವಾರಗಳಲ್ಲಿ ಗಂಡನ ಬಾಯಿರುಚಿ ಮರಳಿತು, ಹೊಸ ಮೀಟರೂ ಬಂತು. ಆದರೂ ಟೈಲರಮ್ಮನ ಅಂಗಡಿ ಈಗ ಮಧ್ಯಾಹ್ನದ ಮೇಲೆಯೇ ತೆರೆಯುವುದು. ಅಂಗಿ ತಡವಾಯಿತೆಂದು ಯಾರಾದರೂ ಗೊಣಗಿದರೆ, "ನೀರಿಗೆ ಹೋಗಿದ್ದೆ ಕಣಪ್ಪಾ," ಎನ್ನುತ್ತಾ ಖುಷಿಯಿಂದ ಸೂಜಿಗೆ ದಾರ ಪೋಣಿಸುತ್ತಾಳೆ.