ಡಬ್ಬದ ತಳದ ನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ಠಾಣೆಯ ಒಂದು ವರ್ಕ್‌ಶಾಪಿನಲ್ಲಿ ನನಗೆ ಬಿರುಕು ಹುಡುಕುವ ಕೆಲಸ. ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಗಿದ್ದರು. ಊರ ಮಂದಿಗೆಲ್ಲ ಇಡ್ಲಿ ಬೇಯಿಸುವವರ ಮನೆಯಲ್ಲಿ ಸ್ಟೋವ್ ಹೊತ್ತಿಸಲು ಸೀಮೆಎಣ್ಣೆ ಇರುತ್ತಿರಲಿಲ್ಲ. ರೇಷನ್ನಿನಲ್ಲಿ ಸಿಕ್ಕಿದ್ದು ತಿಂಗಳ ನಡುವಿಗೇ ಖಾಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೆಪ ಹೇಳುತ್ತಿದ್ದಾಳೆ ಎಂದುಕೊಂಡರೂ ಸರಿ.

ನಮ್ಮಲ್ಲಿ ತಯಾರಾಗುತ್ತಿದ್ದುದು ದೊಡ್ಡ ಪಂಪುಗಳ ಪ್ಲಂಜರ್. ಮೊಳದುದ್ದದ ಉಕ್ಕಿನ ಸರಳು. ಪಂಪಿನೊಳಗೆ ಬಿಡುವಿಲ್ಲದೆ ಹಿಂದೆ ಮುಂದೆ ಓಡಾಡಿ ಭಾರೀ ಒತ್ತಡದಲ್ಲಿ ರಸಾಯನ ನೂಕಬೇಕು. ಬರೀ ಉಕ್ಕಾದರೆ ಬೇಗ ಸವೆದುಹೋಗುತ್ತದೆ. ಅದಕ್ಕೇ ಮೈಮೇಲೆ ಗಟ್ಟಿ ಲೋಹದ ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಹತ್ತಿಸುತ್ತಿದ್ದರು. ಅರದಿಂದ ಉಜ್ಜಿದರೂ ಗೀರು ಬೀಳದಷ್ಟು ಗಟ್ಟಿ. ಆಮೇಲೆ ಅದನ್ನು ಕನ್ನಡಿಯಂತೆ ನುಣುಪು ಮಾಡುವ ಗ್ರೈಂಡಿಂಗ್. ಅಲ್ಲಿ ಅವಸರ ಮಾಡಿದರೆ ಬಿಸಿ ಹೆಚ್ಚಿ ಕೂದಲೆಳೆಯಂಥ ಬಿರುಕು ಬೀಳುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ.

ಅದನ್ನು ಕಾಣಿಸುವವಳು ನಾನು. ಸೀಮೆಎಣ್ಣೆ ತುಂಬಿದ ತಗಡಿನ ಡಬ್ಬದಲ್ಲಿ ಪ್ಲಂಜರುಗಳನ್ನು ನಿಲ್ಲಿಸಿಡುವುದು, ಮರುದಿನ ತೆಗೆದು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಸವರುವುದು. ಬಿರುಕಿದ್ದರೆ ಒಳಹೊಕ್ಕ ಎಣ್ಣೆ ಒಸರಿ ಬಿಳಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಗೆರೆ ಕಂಡರೆ ರಿಜೆಕ್ಟ್, ಇಲ್ಲದಿದ್ದರೆ ಪಾಸ್.

ಆ ವರ್ಕ್‌ಶಾಪಿನಲ್ಲಿ ಏನಾದರೊಂದನ್ನು ಮನೆಗೆ ಒಯ್ಯದವರು ಇರಲಿಲ್ಲ. ಗಂಡಸರು ಸೋಪು, ಹತ್ತಿ ವೇಸ್ಟ್ ಒಯ್ಯುತ್ತಿದ್ದರು. ನಾನು ಶನಿವಾರಕ್ಕೊಮ್ಮೆ ಟಿಫಿನ್ ಚೀಲದಲ್ಲಿ ಒಂದು ಬಾಟಲಿ ಸೀಮೆಎಣ್ಣೆ. ಡಬ್ಬ ತಗ್ಗಿದ್ದು ಮಾಲೀಕ ಸೇಠ್ ಕಣ್ಣಿಗೆ ಬೀಳಬಾರದಲ್ಲ, ಅಷ್ಟೇ ನೀರು ಸುರಿಯುತ್ತಿದ್ದೆ. ಎಣ್ಣೆ ಮೇಲೆ ತೇಲುತ್ತದೆ, ನೀರು ತಳ ಸೇರುತ್ತದೆ. ಒಲೆ ಮುಂದೆಯೇ ಬೆಳೆದವಳಿಗೆ ಇದು ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಪ್ಲಂಜರಿನ ಕೆಳಭಾಗ ನೀರಿನಲ್ಲಿ ನಿಂತಿರುತ್ತದೆ, ಅಲ್ಲಿನ ಬಿರುಕಿಗೆ ಎಣ್ಣೆ ಇಳಿಯುವುದಿಲ್ಲ ಎಂಬುದನ್ನು ಮಾತ್ರ ನಾನು ಯೋಚಿಸಲಿಲ್ಲ, ಯೋಚಿಸಲು ಮನಸ್ಸು ಮಾಡಲಿಲ್ಲ. ಮೇಲಕ್ಕೆತ್ತುವಾಗ ಎಣ್ಣೆ ದಾಟಿಯೇ ಬರುವುದರಿಂದ ಇಡೀ ಸರಳು ಸೀಮೆಎಣ್ಣೆ ನಾರುತ್ತಿತ್ತು, ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಗ್ರೈಂಡಿಂಗ್ ಮಾಡುತ್ತಿದ್ದವನು ಗುಲ್ಬರ್ಗ ಕಡೆಯವನು. ವರ್ತಕ ನಗರದಲ್ಲಿ ನಮ್ಮಿಂದ ಎರಡು ಗಲ್ಲಿ ಆಚೆ ಬಾಡಿಗೆ ಖೋಲಿ ಹಿಡಿದು, ಹೆಂಡತಿಯನ್ನು ಆಗಷ್ಟೇ ಕರೆತಂದಿದ್ದ. ಮುಗಿದ ಪ್ಲಂಜರಿನ ಒಂದು ತುದಿಯಲ್ಲಿ ತನ್ನ ಗುರುತಿಗೆ ಮೂರು ಚುಕ್ಕಿ ಪಂಚ್ ಹೊಡೆಯುತ್ತಿದ್ದ. ಆ ತುದಿ ಕೆಳಗಾಗಿಯೇ ನಾನು ಡಬ್ಬದಲ್ಲಿ ನಿಲ್ಲಿಸುತ್ತಿದ್ದೆ. ನಿಧಾನದವನು ಎಂದು ಸೇಠ್‌ಗೆ ಅವನ ಮೇಲೆ ಮೊದಲೇ ಸಿಟ್ಟು. ಡೊಂಬಿವಲಿಯ ಒಂದು ರಸಾಯನ ಕಾರ್ಖಾನೆಯ ಆರ್ಡರ್ ಬಂದಾಗ, ಎರಡು ದಿನದ ಕೆಲಸ ಒಂದೇ ದಿನದಲ್ಲಿ ಆಗಬೇಕು, ಇಲ್ಲದಿದ್ದರೆ ಮನೆಗೆ ಹೋಗು ಎಂದರು. ಅವನು ಮಾಡಿ ಮುಗಿಸಿ ನನ್ನ ಬಳಿ ತಂದಿಟ್ಟ.

“ಅಕ್ಕಾರ, ಗಡಿಬಿಡ್ಯಾಗ ಮಾಡೀನ್ರಿ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ. ಸುಣ್ಣ ಹಚ್ಚಿ ಛಲೋ ನೋಡ್ರಿ. ಗೆರಿ ಕಂಡ್ರ ಲಗೂನ ಹೇಳ್ರಿ, ಬೈಸ್ಕೊಂಡು ಮತ್ತ ಮಾಡ್ತೀನಿ.”

ಮರುದಿನ ಸುಣ್ಣ ಸವರಿ ನೋಡಿದೆ. “ಒಂದು ಗೆರೆ ಸಹ ಇಲ್ಲ ಮಾರಾಯ, ಎಲ್ಲ ಸರಿ ಉಂಟು” ಎಂದೆ. ಅವನ ಮುಖ ಅರಳಿತು. ತಾನೇ ಪೆಟ್ಟಿಗೆ ಹೊತ್ತು ಟೆಂಪೋಗೆ ಏರಿಸಿದ.

ವಾರದೊಳಗೆ ಒಂದು ಪ್ಲಂಜರ್ ವಾಪಸು ಬಂತು. ಸೇಠ್ ಅದನ್ನು ಮೇಜಿನ ಮೇಲೆ ಕುಕ್ಕಿ ನಮ್ಮಿಬ್ಬರನ್ನೂ ಕರೆಸಿದರು. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿತ್ತು. ಮೂರು ಚುಕ್ಕಿಯ ತುದಿಯಿಂದ ಗೇಣುದ್ದ ಮಾತ್ರ ಗಟ್ಟಿ ಪದರ ಚಕ್ಕೆಚಕ್ಕೆಯಾಗಿ ಎದ್ದುಹೋಗಿತ್ತು. ಡಬ್ಬದಲ್ಲಿ ನೀರು ನಿಲ್ಲುತ್ತಿದ್ದಷ್ಟೇ ಎತ್ತರ.

“ಅಕ್ಕಾರು ನೋಡ್ಯಾರ, ಕೇಳ್ರಿ ಸೇಠ್” ಎಂದ ಅವನು.

“ಬಾಯೀ, ಬರಾಬರ್ ದೇಖಾ ಥಾ ನಾ?” ಸರಿಯಾಗಿ ನೋಡಿದ್ದೆಯಲ್ಲ ಎಂದು ಸೇಠ್ ನನ್ನ ಕಡೆ ತಿರುಗಿದರು.

ನೋಡಿದ್ದೆ, ಗೆರೆ ಇರಲಿಲ್ಲ ಎಂದೆ. ಅಕ್ಷರಶಃ ನಿಜ. ಅಂಥ ನಿಜ ಹೇಳಿದ ನಾಲಿಗೆಗೆ ನಾನು ಇವತ್ತಿಗೂ ಶಾಪ ಹಾಕುತ್ತೇನೆ. ಟೆಸ್ಟಿನಲ್ಲಿ ಪಾಸಾಗಿದ್ದರೆ ಆಮೇಲೆ ಹಾಳಾಗಿದ್ದು ಪೆಟ್ಟಿಗೆ ಹೊತ್ತವನ ಕೈಯಲ್ಲೇ, ಕೆಳಗೆ ಬೀಳಿಸಿ ಬಾಯಿ ಮುಚ್ಚಿಕೊಂಡಿದ್ದಾನೆ ಎಂದು ಸೇಠ್ ತೀರ್ಮಾನ ಕೊಟ್ಟರು. ಅವಸರ ಮಾಡಿಸಿದ ಸೇಠ್ ಸಾಚಾ, ನೀರು ಸುರಿದ ನಾನು ಸಾಚಾ. ಅವನನ್ನು ಮಧ್ಯಾಹ್ನದ ಮೊದಲೇ ಗೇಟಿನಾಚೆ ಕಳಿಸಿದರು.

ಬೇರೆ ಕೆಲಸ ಸಿಗಲಿಲ್ಲ. ಎಲ್ಲಿ ಹೋದರೂ ಮೊದಲು ಎಲ್ಲಿದ್ದೆ, ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರಂತೆ. ಕೊನೆಗೊಂದು ಬೆಳಿಗ್ಗೆ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಸಣ್ಣ ಕ್ಯಾನ್.

“ಊರಿಗಿ ಹೊಂಟೀವ್ರಿ ಅಕ್ಕಾರ. ಎಣ್ಣಿ ರೈಲಿನ್ಯಾಗ ಒಯ್ಯಾಕ ಬಿಡಂಗಿಲ್ಲ. ನಿಮ್ಮ ಮನ್ಯಾಗ ಸಾಲಂಗಿಲ್ಲಂತ, ಕೊಟ್ಟು ಬಾ ಅಂದ್ರು ಇವರು. ಸೇಠ್ ಮುಂದ ಇವರ ಕೆಲಸದಾಗ ಗೆರಿ ಇರ್ಲಿಲ್ಲ ಅಂತ ನೀವೊಬ್ರೇ ಖರೇ ಹೇಳಿದ್ರಂತ.”

ಬೇಡ ಎನ್ನಬೇಕಿತ್ತು. ಕಾಲು ಹಿಡಿದು ಅಳಬೇಕಿತ್ತು. ಮನೆಯ ಸ್ಟೋವ್ ಎರಡು ದಿನದಿಂದ ಒಣಗಿತ್ತು. ಕ್ಯಾನ್ ತೆಗೆದುಕೊಂಡು, ಚಾ ಕುಡಿದು ಹೋಗು ಎಂದೆ. ರೈಲಿಗೆ ಹೊತ್ತಾಯಿತೆಂದು ಅವಳು ಹೊರಟುಹೋದಳು.

ಅವಳು ಮೆಟ್ಟಿಲಿಳಿದ ಮೇಲೆ ಎಣ್ಣೆಯನ್ನು ಗಾಜಿನ ಲೋಟಕ್ಕೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದೆ, ತಳದಲ್ಲಿ ನೀರೇನಾದರೂ ಇದೆಯೇ ಎಂದು. ಇರಲಿಲ್ಲ.