ಮದುವೆ ಅಕ್ಷರದ ಸಾವಿನ ಪತ್ರಿಕೆ

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಕಂಪ್ಯೂಟರ್ ಪರದೆಗೆ ಆ ಉಗುರನ್ನು ಹಿಡಿದು ಅಕ್ಷರಗಳ ನಡುವಿನ ಸಂದು ಅಳೆಯುತ್ತಿದ್ದರು. ಜೆ.ಪಿ. ನಗರದಲ್ಲಿ ಆಮಂತ್ರಣ ಪತ್ರಿಕೆ ಅಚ್ಚು ಹಾಕುವ ಅಂಗಡಿಗೆ ನಾನು ಡಿಟಿಪಿ ಕಲಿಯಲು ಸೇರಿದಾಗ ಅವರಿಗೆ ಅರವತ್ತು ದಾಟಿತ್ತು. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು; ಪಾಠ ಹೇಳಿದ್ದು ಮಾತ್ರ ನನಗೊಬ್ಬಳಿಗೇ.

ಫಾಂಟ್ ಆರಿಸುವುದೆಂದರೆ ಅವರಿಗೆ ಮರ್ಯಾದೆಯ ವಿಷಯ. “ಓದೋಕ್ ಮುಂಚೆನೇ ಸುದ್ದಿ ಏನು ಅಂತ ಗೊತ್ತಾಗ್ಬೇಕು ಕಣಮ್ಮ. ಪತ್ರಿಕೆ ಕೈಗೆ ಬಂದಾಗ ಜನ ಸೀರೆ ಹುಡುಕ್ಬೇಕೋ, ಎದೆ ಹಿಡ್ಕೋಬೇಕೋ, ಅದನ್ನ ಅಕ್ಷರನೇ ಹೇಳ್ಬೇಕು” ಅನ್ನುತ್ತಿದ್ದರು. ಅರೆಕೆರೆಯಿಂದ ಬಸ್ಸಿನಲ್ಲಿ ಬರುವಾಗ ದಾರಿಯ ಬೋರ್ಡುಗಳನ್ನೆಲ್ಲ ಬೈದುಕೊಂಡೇ ಬರುವರು. ಒಮ್ಮೆ ಹಲ್ಲಿನ ಡಾಕ್ಟರೊಬ್ಬರ ಬೋರ್ಡಿನಲ್ಲಿ ಬಳ್ಳಿಬಳ್ಳಿ ಅಕ್ಷರ ಕಂಡು, ಬಸ್ಸಿಳಿದು ಒಳಗೆ ಹೋಗಿ, “ಬಳೆ ಅಂಗಡಿ ಅಂದ್ಕೊಂಡು ಬಂದೆ ಸಾರ್” ಅಂದಿದ್ದರು. ಮುಂದಿನ ವಾರ ಆ ಬೋರ್ಡಿನ ಕೆಲಸ ನಮಗೇ ಬಂತು.

ಇಂಥವರನ್ನು ನಮ್ಮ ಅಂಗಡಿಯ ಯಜಮಾನ ಮುಗಿಸಿದ. ಅವನಿಗೆ ಏಕವಚನವನ್ನು ಬೇಕೆಂದೇ ಬಳಸುತ್ತಿದ್ದೇನೆ.

ಒಂದು ಸಂಜೆ ಮೇಷ್ಟ್ರು, ತೀರಿಕೊಂಡ ಹಿರಿಯರೊಬ್ಬರ ಶಿವಗಣಾರಾಧನೆಯ ಪತ್ರಿಕೆಯನ್ನು ತೆಳುವಾದ ನೆಟ್ಟಗಿನ ಅಕ್ಷರದಲ್ಲಿ ಜೋಡಿಸಿಟ್ಟು ಮನೆಗೆ ಹೋದರು. ಆಮೇಲೆ ಒಂದು ಹೆಸರು ಸೇರಿಸಿ ಎಂದು ಆ ಮನೆಯವರ ಫೋನ್ ಬಂತು. ಯಜಮಾನನಿಗೆ ಆ ಫೈಲ್ ಸಿಗಲಿಲ್ಲ. ತೆರೆದೇ ಇದ್ದ, ಬಳ್ಳಿಬಳ್ಳಿ ಅಕ್ಷರದ ಒಂದು ಮದುವೆ ಪತ್ರಿಕೆಯಲ್ಲಿ ಒಕ್ಕಣೆ ಅಳಿಸಿ, ಸಾವಿನದನ್ನು ಟೈಪ್ ಮಾಡಿದ. ನಾನು ಪಕ್ಕದಲ್ಲೇ ಕೂತಿದ್ದೆ.

“ಸಾರ್, ಇದು ಮದುವೆ ಅಕ್ಷರ.”

“ಸತ್ತೋರೇನು ಬಂದು ಫಾಂಟ್ ನೋಡ್ತಾರಾ? ಸುಮ್ನಿರು” ಅಂದವನೇ ಅಚ್ಚಿಗೆ ಕಳಿಸಿದ.

ಎರಡು ದಿನಕ್ಕೆ ಸತ್ತವರ ಮಗ ಬಂದರು. “ಅಪ್ಪ ಹೋಗಿದ್ದು ನಿಮಗೆ ಹಬ್ಬನಾ ಅಂತ ನೆಂಟ್ರು ಕೇಳ್ತಿದಾರೆ ಕಣ್ರೀ. ಒಬ್ರು ಪತ್ರಿಕೆ ನೋಡಿ, ಹುಡುಗಿ ಕಡೆಯವ್ರು ಯಾರು ಅಂದ್ರು!” ಎಂದು ಅತ್ತರು.

ಯಜಮಾನ ಮೇಷ್ಟ್ರ ಕಡೆ ಬೆರಳು ತೋರಿಸಿದ. “ಇವ್ರಿಗೆ ವಯಸ್ಸಾಯ್ತು ಸಾರ್, ಕಣ್ಣು ಕಾಣ್ಸಲ್ಲ.”

ಮದುವೆಯದು, ಸಾವಿನದು, ಎರಡೂ ಪತ್ರಿಕೆಗಳನ್ನು ಅಂದು ಜೋಡಿಸಿದ್ದವರು ಮೇಷ್ಟ್ರೇ. ತಾವೇ ಅಕ್ಷರ ಅದಲುಬದಲು ಮಾಡಿರಬೇಕು ಎಂದು ನಂಬಿಬಿಟ್ಟರು. ಕೈಮುಗಿದು ಕ್ಷಮೆ ಕೇಳಿ ಹೊರಗೆ ಬಂದು, “ನನ್ನ ಕಣ್ಣು ಹೋಯ್ತು ಕಣಮ್ಮ. ಇನ್ಮೇಲೆ ನಾನು ಅಕ್ಷರ ಮುಟ್ಬಾರ್ದು” ಅಂದು ಅವತ್ತೇ ಕೆಲಸ ಬಿಟ್ಟರು. ಕೆಲಸ ಹೋದೀತೆಂಬ ಭಯಕ್ಕೆ ನಾನು ಬಾಯಿ ಬಿಡಲಿಲ್ಲ.

ಮುಂದೆ ನಾನು ಗೊಟ್ಟಿಗೆರೆಯಲ್ಲಿ ಸ್ವಂತ ಅಂಗಡಿ ಹಾಕಿ ಕರೆದಾಗಲೂ ಅವರು ಬರಲಿಲ್ಲ. ಯಜಮಾನನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡೆ. ಅದರಲ್ಲಿ ಸಿಕ್ಕ ಸುಖವನ್ನು ಮುಚ್ಚಿಡುವುದಿಲ್ಲ, ಆದರೆ ಅವನ ಮೇಲಿನ ಸಿಟ್ಟು ಆರಲಿಲ್ಲ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಅವರ ಪತ್ರಿಕೆಯನ್ನು ನಾನೇ ಜೋಡಿಸಿ ಯಜಮಾನನಿಗೂ ಒಂದು ಕಳಿಸಿದೆ. ಬಂದ. ಪೂಜೆ ಮುಗಿದು ಜನ ಕೂತಿದ್ದಾಗ, ಮೇಷ್ಟ್ರ ಹೆಂಡತಿಯ ಹತ್ತಿರ, “ಒಳ್ಳೇ ಕೆಲಸಗಾರ. ಪಾಪ, ಕೊನೇಲಿ ಕಣ್ಣು ಕೈಕೊಡ್ತು” ಅಂದ.

ಇದಕ್ಕೇ ಕಾದಿದ್ದೆ. ಎಲ್ಲರಿಗೂ ಕೇಳುವಂತೆ ಹೇಳಿದೆ: “ಅವ್ರ ಕಣ್ಣು ಸರಿಯಾಗೇ ಇತ್ತು. ಆ ಮದುವೆ ಅಕ್ಷರ ಹಾಕಿದ್ದು ನೀವು. ನಾನು ಪಕ್ಕದಲ್ಲೇ ಕೂತಿದ್ದೆ.”

ಅವನ ಮುಖ ಕಪ್ಪಿಟ್ಟಿತು. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡೆ. ಊಟಕ್ಕೂ ನಿಲ್ಲದೆ ಚಪ್ಪಲಿ ಹುಡುಕಿಕೊಂಡು ಹೋದ.

ಮೇಷ್ಟ್ರ ಹೆಂಡತಿ ಅವನ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತಿದ್ದರು.

“ಏಳು ವರ್ಷ ದಿನಾ ಬೆಳಗ್ಗೆ ಪೇಪರ್ ಹಿಡ್ಕೊಂಡು, ಕಣ್ಣು ಕಾಣುತ್ತಾ ಅಂತ ಪರೀಕ್ಷೆ ಮಾಡ್ಕೊಳ್ತಿದ್ರು. ನೀನು ತಿಂಗ್ಳಿಗೊಂದ್ಸಲ ಬಂದು ಕಾಫಿ ಕುಡ್ಕೊಂಡು ಹೋಗ್ತಿದ್ದೆ. ಅವ್ರಿಗೆ ಯಾಕಮ್ಮ ಹೇಳ್ಲಿಲ್ಲ?”